ಹಳದಿ ಟೇಪಿನ ಬೆಂಚು

ಜನವರಿ ೧೧

ಪ್ರೀತಿಯ ರೇಡಿಯೋ,

ನೀನು ತಾಯಿಯಾಗುತ್ತಿರುವ ಸುದ್ದಿ ನನಗೆ ಹೇಗೆ ಮುಟ್ಟಿತು ಕೇಳು. ನಿನ್ನ ಗಂಡ ನಮ್ಮ ಲ್ಯಾಬಿನ ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಅಕ್ಕಾ, ನೀವು ದೊಡ್ಡಮ್ಮ ಆಗ್ತಾ ಇದ್ದೀರಿ!" ಎಂದು ಕೂಗಿದ. ಬಸ್ಸಿನೊಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಏನು ಮಾಡಬೇಕೋ ತೋಚದೆ ನಾನು ಇಡೀ ಬಸ್ಸಿಗೇ ಟಾಟಾ ಮಾಡಿದೆ. ಆಮೇಲೆ ನಿನ್ನ ಕಾಗದ ಕೈಗೆ ಕೊಟ್ಟು ಹೋದ.

"ಇನ್ನೂ ಕೋಪಾನಾ?" ಎಂದು ಬರೆದಿದ್ದೀಯ. ಈಗ ಕೋಪವೇನಿಲ್ಲ. ಬೇರೆ ಕಡೆ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ, ಯಾರಿಗೂ ಹೇಳಬೇಡ ಎಂದು ನಿನಗೊಬ್ಬಳಿಗೇ ಹೇಳಿದ್ದೆ. ಮಾರನೆಯ ದಿನವೇ ನಮ್ಮ ಮೇಡಂ ನನಗೆ ಶುಭಾಶಯ ಹೇಳಿದರು! ಆ ಕೆಲಸವೂ ಸಿಗಲಿಲ್ಲ, ಈ ಕೆಲಸದಲ್ಲಿ ಮುಖ ಎತ್ತಿ ಓಡಾಡುವುದಕ್ಕೂ ಆಗಲಿಲ್ಲ. ನಿನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ. ಹೋಗಲಿ, ಒಂದು ವರ್ಷ ಮುಖ ಊದಿಸಿಕೊಂಡಿದ್ದು ಸಾಕು. ಆದರೆ ಫೋನು ಬೇಡ, ಕಾಗದವೇ ಇರಲಿ. ಫೋನಿನಲ್ಲಿ ನೀನೊಬ್ಬಳೇ ಮಾತಾಡುತ್ತೀಯ. ಕಾಗದದಲ್ಲಾದರೆ ನನಗೂ ಸರದಿ ಬರುತ್ತದೆ. ಮುಟ್ಟಿಸುವುದಕ್ಕೆ ನಿನ್ನ ಸಾರಥಿ ಇದ್ದೇ ಇದ್ದಾನೆ.

ಈಗ ಏನು ಕೆಲಸ ಎಂದು ಕೇಳಿದ್ದೀಯ. ಲಿವರಿಗೆ ತಗಲುವ ಒಂದು ವೈರಸ್ ಇದೆ. ಜ್ವರವಿಲ್ಲ, ನೋವಿಲ್ಲ, ವರ್ಷಗಟ್ಟಲೆ ತೆಪ್ಪಗೆ ಒಳಗೆ ಕೂತಿರುತ್ತದೆ. ನಮ್ಮ ನಗರದಲ್ಲಿ ಎಷ್ಟು ಜನರಿಗಿದೆ? ಯಾರಿಗೂ ಗೊತ್ತಿಲ್ಲ. ಹಾಗೆಂದು ಮನೆಮನೆಗೆ ಹೋಗಿ ಎಲ್ಲರಿಗೂ ಸೂಜಿ ಚುಚ್ಚಲಾಗುತ್ತದೆಯೇ? ಅದಕ್ಕೇ ಅಂದಾಜು. ಧಾನ್ಯದಂಗಡಿಯವನು ಮೂಟೆಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡುತ್ತಾನಲ್ಲ, ಹಾಗೆ. ನನ್ನ ಪಾಲಿಗೆ ಬಂದಿರುವುದು ಗರ್ಭಿಣಿಯರು. ಅವರು ಬೇರೆ ಪರೀಕ್ಷೆಗಳಿಗೆಂದು ಕೊಟ್ಟ ರಕ್ತದಲ್ಲಿ ಉಳಿದದ್ದನ್ನು ಆಸ್ಪತ್ರೆಗಳಿಂದ ತರಿಸುತ್ತೇವೆ. ಹೆಸರಿನ ಚೀಟಿಯನ್ನು ಪಕ್ಕದ ಕೋಣೆಯಲ್ಲೇ ಕಿತ್ತುಹಾಕುತ್ತಾರೆ. ಬಂದ ಟ್ಯೂಬುಗಳಲ್ಲಿ ಕೆಲವನ್ನು ಮಾತ್ರ ಚೀಟಿ ಎತ್ತಿದ ಹಾಗೆ ಎತ್ತಿ, ಸೋಂಕು ಇದೆಯೇ ಇಲ್ಲವೇ ನೋಡುತ್ತೇವೆ. ಯಾರದ್ದೆಂದು ನಮಗೆ ಗೊತ್ತಾಗುವುದಿಲ್ಲ, ಗೊತ್ತಾಗಲೂಬಾರದು. ಈ ಕೆಲಸ ನಿಂತಿರುವುದೇ ಆ ನಂಬಿಕೆಯ ಮೇಲೆ.

ಇದರಿಂದೇನು ಎಂದು ನೀನು ಮೂಗು ಮುರಿಯುವ ಮೊದಲೇ ಹೇಳುತ್ತೇನೆ. ತಾಯಿಗೆ ಈ ಸೋಂಕಿದ್ದರೆ ಹೆರಿಗೆಯ ಹೊತ್ತಿಗೆ ಮಗುವಿಗೂ ದಾಟಬಹುದು. ಹುಟ್ಟಿದ ದಿನವೇ ಚುಚ್ಚುಮದ್ದು ಹಾಕಿಬಿಟ್ಟರೆ ಮಗು ಹೆಚ್ಚುಕಡಿಮೆ ಬಚಾವು. ಈಗ ಅದನ್ನು ಹಾಕುವುದು ತಾಯಿಗೆ ಸೋಂಕಿದೆ ಎಂದು ಗೊತ್ತಿದ್ದರೆ ಮಾತ್ರ. ನೂರಕ್ಕೆ ಇಬ್ಬರಿಗಿಂತ ಹೆಚ್ಚು ಜನರಿಗಿದೆ ಎಂದು ನಾವು ತೋರಿಸಿದರೆ ಹುಟ್ಟುವ ಪ್ರತಿ ಮಗುವಿಗೂ ಹಾಕುತ್ತಾರಂತೆ. ಚೆನ್ನಾಗಿದೆ ಅಲ್ಲವಾ ಕೆಲಸ? ನನಗಂತೂ ಬಹಳ ಹಿಡಿಸಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾರ ಎತ್ತಬೇಡ.

ನಿನ್ನ ಅಕ್ಕ

*

ಜನವರಿ ೨೪

ಅಂದಾಜಕ್ಕಾ,

ಇವತ್ತು ನಿನ್ನ ಮೂಟೆಗೆ ನಾನೂ ಒಂದು ಕಾಳು ಹಾಕಿ ಬಂದೆ! ನಮ್ಮ ಬಡಾವಣೆಯ ಹೆರಿಗೆ ಆಸ್ಪತ್ರೆಗೆ ಹೋಗಿದ್ದೆ. ಗೋಡೆಯ ಮೇಲೆ ನಿಮ್ಮ ಬೋರ್ಡು ಇದೆ: ಉಳಿದ ರಕ್ತವನ್ನು ಹೆಸರಿಲ್ಲದೆ ಎಣಿಕೆಗೆ ಬಳಸುತ್ತೇವೆ, ಬೇಡದವರು ಹೇಳಬಹುದು, ತಮಗೆ ಸೋಂಕಿದೆಯೇ ಎಂದು ತಿಳಿಯಬೇಕಾದವರು ಮೂರನೇ ಕಿಟಕಿಯಲ್ಲಿ ತಮ್ಮ ಹೆಸರಿನಲ್ಲೇ ಬೇರೆ ಪರೀಕ್ಷೆ ಮಾಡಿಸಿಕೊಳ್ಳಬಹುದು. ನಾನು ಅದನ್ನು ಗಟ್ಟಿಯಾಗಿ ಇಡೀ ಬೆಂಚಿಗೆ ಓದಿ ಹೇಳಿ, "ಇದು ನಮ್ಮಕ್ಕನ ಕೆಲಸ" ಎಂದು ಜಂಬ ಕೊಚ್ಚಿಕೊಂಡೆ.

ಬೆಂಚಿನಲ್ಲಿ ನಾವು ಐದು ಜನ ಹೊಟ್ಟೆಯವರು. ಒಬ್ಬಳು ಟೈಲರ್, ಒಬ್ಬಳು ಟೀಚರ್, ಒಬ್ಬಳು ಬೇಕರಿಯವಳು. ಇನ್ನೊಬ್ಬಳು ಬಾಯೇ ಬಿಡುವುದಿಲ್ಲ. ಸದಾ ಕೆಂಪು ಸ್ವೆಟರಿನಲ್ಲಿರುತ್ತಾಳೆ, ಅದಕ್ಕೆ ಅವಳಿಗೆ ಕೆಂಪಿ ಎಂದು ಹೆಸರಿಟ್ಟಿದ್ದೇನೆ. ಆ ಬೆಂಚಿನ ಒಂದು ಕಾಲು ಕುಂಟು. ಯಾರಾದರೂ ಒಬ್ಬರು ಎದ್ದರೆ ಉಳಿದವರು ವಾಲುತ್ತಾರೆ, ಆದ್ದರಿಂದ ಏಳುವ ಮೊದಲು ಎಲ್ಲರಿಗೂ ಹೇಳಿ ಏಳಬೇಕು.

ನನ್ನ ಸರದಿ ಬಂದಾಗ ಏನಾಯಿತು ಗೊತ್ತಾ? ಟ್ಯೂಬಿನ ಮುಚ್ಚಳಕ್ಕೆ ಸುತ್ತುವ ಬಿಳಿ ಟೇಪು ಮುಗಿದುಹೋಯಿತು. ನರ್ಸಮ್ಮ ಡ್ರಾಯರೆಲ್ಲ ತಡಕಾಡಿ ಎಲ್ಲಿಂದಲೋ ಹಳದಿ ಟೇಪು ತಂದು, "ತಗೊಳಮ್ಮ, ನಿಂದು ಸ್ಪೆಷಲ್ಲು" ಎಂದರು. ಎಲ್ಲರದ್ದೂ ಬಿಳಿ, ನನ್ನದೊಂದೇ ಹಳದಿ! ರಾಣಿಯ ಹಾಗೆ ಎದ್ದು ಬಂದೆ. ನಿನ್ನ ಟ್ರೇಗೆ ಹಳದಿ ಟೇಪಿನದ್ದು ಬಂದರೆ ಮಾತಾಡಿಸು.

ನಿಮ್ಮ ಮೂರನೇ ಕಿಟಕಿಗೆ ಹೋಗಲಿಲ್ಲ. ಅದು ಬೀದಿಯ ಕಡೆಗೇ ಇದೆ, ನಿಂತವರನ್ನು ಊರೆಲ್ಲ ನೋಡುತ್ತದೆ. ಅದೂ ಅಲ್ಲದೆ ಇವರ ಬಸ್ಸಿನ ಹೊತ್ತಾಗಿತ್ತು. ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ.

ನಿನ್ನ ರೇಡಿಯೋ

*

ಫೆಬ್ರವರಿ ೯ (ಇದನ್ನು ಕಳಿಸುವುದಿಲ್ಲ)

ಪುಟ್ಟಾ,

ಈ ಕಾಗದ ನನ್ನ ಮೇಜಿನಲ್ಲೇ ಉಳಿಯುತ್ತದೆ. ಆದರೂ ನಿನಗಲ್ಲದೆ ಇನ್ಯಾರಿಗೆ ಬರೆಯಲಿ?

ಇವತ್ತು ನಿಮ್ಮ ಆಸ್ಪತ್ರೆಯ ಟ್ಯೂಬುಗಳಲ್ಲಿ ಚೀಟಿ ಎತ್ತಿ ಆರಿಸಿದವುಗಳ ಟ್ರೇ ಬಂತು. ನಿನ್ನ ತಮಾಷೆ ನೆನಪಾಗಿ ನಗುತ್ತಲೇ ಮುಚ್ಚಳ ತೆಗೆದೆ. ಸಾಲಾಗಿ ಬಿಳಿ ಟೇಪು, ನಡುವೆ ಒಂದೇ ಒಂದು ಹಳದಿ. "ಬಂದ್ಯಾ ತಾಯಿ" ಎಂದು ಮಾತಾಡಿಸಿದೆ ಕೂಡ. ಮಧ್ಯಾಹ್ನ ಫಲಿತಾಂಶ ಬಂತು. ಆ ಟ್ರೇಯಲ್ಲಿ ಸೋಂಕು ಇದ್ದದ್ದು ಒಂದರಲ್ಲಿ ಮಾತ್ರ. ಹಳದಿಯದ್ದರಲ್ಲಿ.

ಎರಡನೇ ಸಲ ಮಾಡಿದೆ. ಅದೇ ಬಂತು.

ಮೇಡಂ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೆಸರಿಲ್ಲ ಅಂತ ನಂಬಿ ಕೊಟ್ಟ ರಕ್ತ ಅದು. ಯಾರದ್ದು ಅಂತ ನಿನಗೆ ಅನ್ನಿಸಿದ್ರೂ ಬಾಯಿ ಬಿಡೋ ಹಾಗಿಲ್ಲ. ತಂಗಿಗೂ ಹೇಳೋ ಹಾಗಿಲ್ಲ" ಎಂದರು. "ಹಾಗಾದ್ರೆ ಆ ಟ್ಯೂಬನ್ನ ಲೆಕ್ಕದಿಂದ ತೆಗೀಲಾ?" ಎಂದೆ. "ಯಾಕೆ? ನಿನಗೆ ಸಂಕಟ ಆಯ್ತು ಅಂತ ನಗರದಲ್ಲಿ ಒಬ್ಬಳು ಕಮ್ಮಿ ಆಗ್ತಾಳಾ?" ನಾನು ಅಳುತ್ತಾ ನಿಂತಿದ್ದೆ. ಕೊನೆಗೆ ಅವರೇ, "ಪರೀಕ್ಷೆ ಮಾಡಿಸ್ಕೋ ಅಂತ ಎಲ್ಲ ಗರ್ಭಿಣಿಯರಿಗೂ ಹೇಳ್ತೀವಲ್ಲ, ಅದನ್ನ ನಿನ್ನ ತಂಗಿಗೂ ಹೇಳು. ಅದಕ್ಕಿಂತ ಒಂದಕ್ಷರ ಹೆಚ್ಚು ಬೇಡ" ಎಂದರು.

ಪುಟ್ಟಾ, ನಿನ್ನ ಮಗುವನ್ನು ಉಳಿಸುವ ಮದ್ದು ಆಸ್ಪತ್ರೆಯ ಫ್ರಿಜ್ಜಿನಲ್ಲೇ ಇದೆ. ನೀನು ಆ ಕಿಟಕಿಗೆ ಹೋಗಿ ನಿಲ್ಲಬೇಕು, ಅಷ್ಟೆ.

*

ಫೆಬ್ರವರಿ ೧೦

ಪ್ರೀತಿಯ ತಂಗಿಗೆ,

ಆಸ್ಪತ್ರೆಯ ಮೂರನೇ ಕಿಟಕಿಗೆ ಹೋಗಿ ನಿನ್ನ ಹೆಸರಿನಲ್ಲಿ ಆ ಪರೀಕ್ಷೆ ಮಾಡಿಸಿಕೋ. ಗರ್ಭಿಣಿಯರೆಲ್ಲ ಮಾಡಿಸಿಕೊಳ್ಳುವುದು ಒಳ್ಳೆಯದು.

ಅಕ್ಕ

*

ಫೆಬ್ರವರಿ ೧೬

ಏನಕ್ಕಾ ಇದು, ಕಾಗದವೋ ಸರ್ಕಾರಿ ನೋಟೀಸೋ? ಎರಡೇ ಸಾಲು! ಊಟ ಮಾಡಿದೆಯಾ ಎಂದಿಲ್ಲ, ವಾಂತಿ ನಿಂತಿತೇ ಎಂದಿಲ್ಲ. ಇವರು ಕಾಗದ ಕೊಡುವಾಗ, "ನಿಮ್ಮಕ್ಕನ ಮುಖ ಸರಿ ಇರ್ಲಿಲ್ಲ" ಎಂದರು. ಮತ್ತೆ ಕೋಪವಾ? ಈ ಸಲ ನಾನೇನೂ ಬಾಯಿ ಬಿಟ್ಟಿಲ್ಲ, ಆಣೆ.

ನಿನ್ನ ಎರಡು ಸಾಲನ್ನು ನಮ್ಮತ್ತೆ ಹಿಂದಿನಿಂದ ಇಣುಕಿ ಓದಿಬಿಟ್ಟರು. "ಅದ್ಯಾವ ರೋಗದ ಪರೀಕ್ಷೆ? ನಮ್ಮ ಮನೇಲಿ ಯಾರಿಗಿದೆ ಅಂಥದ್ದು?" ಎಂದು ಶುರು. ನಾನು ಸುಮ್ಮನಿರದೆ ಎರಡು ಮಾತು ತಿರುಗಿ ಆಡಿದೆ. ಈಗ ಅಡುಗೆಮನೆಯಲ್ಲಿ ಪಾತ್ರೆಗಳೇ ನಮ್ಮಿಬ್ಬರ ಪರವಾಗಿ ಮಾತಾಡುತ್ತಿವೆ.

ಒಂದು ಹೇಳುತ್ತೇನೆ, ಬೇಜಾರಾಗಬೇಡ. ಆ ಕಿಟಕಿಯ ಮುಂದೆ ನಾನೊಬ್ಬಳೇ ಹೋಗಿ ನಿಲ್ಲಲಾರೆ. ಎದುರಿಗೇ ಬಸ್ ಸ್ಟಾಪು. ಇವರ ಜೊತೆಯ ಡ್ರೈವರುಗಳೆಲ್ಲ ಅಲ್ಲೇ ಇರುತ್ತಾರೆ. ಸಂಜೆಯೊಳಗೆ ಇಡೀ ಡಿಪೋದಲ್ಲಿ ಸುದ್ದಿ. ಊರಿನ ಸುದ್ದಿ ನಾನು ಹರಡಬಹುದು, ನನ್ನ ಸುದ್ದಿ ಊರು ಹರಡಬಾರದು! ನಗು ಸ್ವಲ್ಪ.

ರೇಡಿಯೋ

*

ಫೆಬ್ರವರಿ ೨೦

ನನ್ನ ಪುಟ್ಟಾ,

ಕೋಪ ಇಲ್ಲ ಕಣೆ. ಯಾವ ಕೋಪವೂ ಇಲ್ಲ. ವಾಂತಿ ನಿಂತಿತಾ? ಸೊಂಟ ನೋಯುತ್ತಾ? ಕೇಳಲಿಲ್ಲವೆಂದು ನನ್ನನ್ನು ನಾನೇ ಬೈದುಕೊಂಡೆ.

ನನಗೆ ಹೆದರಿಕೆಯಾಗುತ್ತಿದೆ. ಯಾಕೆಂದು ಕೇಳಬೇಡ. ನನಗೆ ಹೇಳಲಾಗುವುದಿಲ್ಲ, ನಿನಗೆ ಸುಳ್ಳು ಹೇಳಲೂ ಆಗುವುದಿಲ್ಲ. ಅಕ್ಕನಿಗೆ ಹೆದರಿಕೆಯಾಗಿದೆ ಎಂಬುದೊಂದನ್ನೇ ಕಾರಣ ಎಂದು ಇಟ್ಟುಕೊಂಡು ಹೋಗಿ ಬಾ. ಆ ಸೋಂಕು ಬಂದರೆ ಅದರಲ್ಲಿ ಯಾರ ತಪ್ಪೂ ಇಲ್ಲ, ನಾಚಿಕೆಯೂ ಇಲ್ಲ. ಹುಟ್ಟುವಾಗಲೇ ತಾಯಿಯಿಂದ ಬಂದಿರಬಹುದು, ಯಾವುದೋ ಸೂಜಿಯಿಂದ ಬಂದಿರಬಹುದು. ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ. ನಿಮ್ಮತ್ತೆಗೆ ಇದನ್ನು ಓದಿ ಹೇಳು, ಹಿಂದಿನಿಂದ ಇಣುಕುವ ಕಷ್ಟ ಬೇಡ.

ಒಬ್ಬಳೇ ನಿಲ್ಲಲಾರೆ ಎಂದೆಯಲ್ಲ, ನಾನು ರಜೆ ಹಾಕಿ ಬರುತ್ತೇನೆ. ನಿನ್ನ ಮುಂದೆ ನಾನು ನಿಲ್ಲುತ್ತೇನೆ. ಡಿಪೋದವರೆಲ್ಲ ಬೇಕಾದರೆ ನನ್ನ ಸುದ್ದಿಯೇ ಹರಡಲಿ. ಯಾವ ದಿನ ಬರಲಿ, ಬರೆ.

ನಿನ್ನ ಅಕ್ಕ

*

ಮಾರ್ಚ್ ೧೨

ಅಂದಾಜಕ್ಕಾ,

ನೀನು ಬರುವುದು ಬೇಕಾಗಲಿಲ್ಲ. ಬೆಂಚೇ ಬಂತು!

ನಿನ್ನ ಕಾಗದ ಓದಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಬೆಂಚಿನಲ್ಲಿ ಕೂತು ಹೇಳಿಬಿಟ್ಟೆ: "ನೋಡ್ರೇ, ನಮ್ಮಕ್ಕನಿಗೆ ಗಾಬರಿ ಜಾಸ್ತಿ. ನಾನು ಮೂರನೇ ಕಿಟಕಿಗೆ ಹೋಗ್ದೆ ಇದ್ರೆ ಅವಳು ಅನ್ನ ಬಿಡ್ತಾಳೆ. ಒಬ್ಳೇ ನಿಂತ್ರೆ ನನಗೆ ನಾಚಿಕೆ. ಎಲ್ರೂ ಬನ್ನಿ." ಬೇಕರಿಯವಳು, "ನನಗ್ಯಾಕೆ ಬೇಕು ಇಲ್ಲದ ಉಸಾಬರಿ" ಎಂದಳು. ಟೈಲರ್ ಎದ್ದಳು, ಹೇಳದೆ ಎದ್ದಳು. ಬೆಂಚು ವಾಲಿತು, ಎಲ್ಲರೂ ಏಳಲೇಬೇಕಾಯಿತು. ಹೇಗೂ ಎದ್ದಾಯಿತಲ್ಲ ಎಂದು ಹೊರಟೇಬಿಟ್ಟೆವು. ಕೆಂಪಿ ಕೂಡ ಬಂದಳು.

ಐದು ಹೊಟ್ಟೆಗಳು ಸಾಲಾಗಿ ಬೀದಿಯ ಕಡೆಗೆ! ಬಸ್ ಸ್ಟಾಪಿನವರು ಬಾಯಿ ಬಿಟ್ಟುಕೊಂಡು ನೋಡಿದರು. ಸಾಲಿನ ಕೊನೆಗೆ ಯಾರು ಗೊತ್ತಾ? ನಮ್ಮತ್ತೆ! ನನ್ನ ಜೊತೆ ಬಂದಿದ್ದರು. "ನನಗೂ ಒಂದು ಚುಚ್ಚಿ, ನೋಡೇಬಿಡೋಣ" ಎಂದರು. ಕಿಟಕಿಯಲ್ಲಿದ್ದವರು, "ಅಮ್ಮಾ, ನೀವು ಗರ್ಭಿಣಿ ಅಲ್ವಲ್ಲ" ಎಂದದ್ದಕ್ಕೆ, "ಅದನ್ನೂ ಪರೀಕ್ಷೆ ಮಾಡಿಯೇ ಹೇಳಿ" ಎಂದುಬಿಟ್ಟರು! ಅಡುಗೆಮನೆಯ ಪಾತ್ರೆಗಳು ಅವತ್ತಿನಿಂದ ತಣ್ಣಗಾಗಿವೆ.

ಫಲಿತಾಂಶವನ್ನು ಅವರವರ ಕೈಗೇ ಮುಚ್ಚಿದ ಲಕೋಟೆಯಲ್ಲಿ ಕೊಡುತ್ತಾರೆ. ನಿನ್ನೆ ನನ್ನದು ತಂದೆ. ನನಗೆ ಸೋಂಕು ಇಲ್ಲ ಅಕ್ಕಾ. ಅತ್ತೆಗೂ ಇಲ್ಲ. ಈಗ ಹೊಟ್ಟೆ ತುಂಬ ಉಣ್ಣು.

ಹಾಂ, ಇನ್ನೊಂದು. ಹಳದಿ ಟೇಪು ನನಗೊಬ್ಬಳಿಗೇ ಎಂದು ಬರೆದಿದ್ದೆನಲ್ಲ, ಅದು ಸುಳ್ಳಂತೆ. ಅವತ್ತು ನಾನು ಬೇಗ ಎದ್ದು ಬಂದುಬಿಟ್ಟಿದ್ದೆ. ನನ್ನ ಹಿಂದೆ ಹೋದವರಿಗೆಲ್ಲ ಹಳದಿಯನ್ನೇ ಸುತ್ತಿದರಂತೆ, ನಮ್ಮ ಬೆಂಚಿನವರಿಗೂ, ಪಕ್ಕದ ಬೆಂಚಿನವರಿಗೂ. ರಾಣಿ ಪಟ್ಟ ಹೋಯಿತು.

ರೇಡಿಯೋ

*

ಏಪ್ರಿಲ್ ೨

ನನ್ನ ಬಂಗಾರ,

ನಿನ್ನ ಕಾಗದವನ್ನು ಉಗ್ರಾಣದ ಕೋಣೆಯಲ್ಲಿ ನಿಂತು ಓದಿ ಗಳಗಳ ಅತ್ತೆ. ಆಮೇಲೆ ನಕ್ಕೆ. ಮೇಡಂ ಬಾಗಿಲು ತೆಗೆದು ನೋಡಿ, ಏನೂ ಕೇಳದೆ ಬಾಗಿಲು ಮುಚ್ಚಿಕೊಂಡು ಹೋದರು. ಎಷ್ಟು ದಿನಗಳ ಮೇಲೆ ನಿರಾಳವಾಗಿ ಉಂಡೆ, ಮಲಗಿದೆ!

ನನ್ನ ದಡ್ಡತನವನ್ನು ಏನೆಂದು ಹೇಳಲಿ? ಹಿಡಿ ನೋಡಿ ಮೂಟೆಯ ಲೆಕ್ಕ ಹೇಳುವುದೇ ನನ್ನ ಕಸುಬು. ಹಿಡಿಯಲ್ಲಿ ಒಂದು ಸಿಕ್ಕಿದರೆ ಮೂಟೆಯಲ್ಲಿ ಅಂಥವು ಇನ್ನೂ ಇರುತ್ತವೆ ಎಂದು ಹೊಸಬರಿಗೆಲ್ಲ ಪಾಠ ಮಾಡುವವಳು ನಾನು. ಅಂಥವಳು ನನ್ನ ತಂಗಿಯ ವಿಷಯ ಬಂದ ಕೂಡಲೇ ಒಂದನ್ನು ಕಂಡು ಅದೊಂದೇ ಎಂದುಕೊಂಡುಬಿಟ್ಟೆ. ಇದರ ತಲೆಬುಡ ನಿನಗೆ ಅರ್ಥವಾಗದಿದ್ದರೆ ಬಿಡು, ನನ್ನನ್ನೇ ನಾನು ಬೈದುಕೊಳ್ಳುತ್ತಿದ್ದೇನೆ.

ನಮ್ಮ ಅಂದಾಜು ಮುಗಿಯಿತು. ನಗರಸಭೆಯ ಸಭೆಯಲ್ಲಿ ಮೇಡಂ ಜೊತೆ ನಾನೂ ಕೂತಿದ್ದೆ. "ನೂರಕ್ಕೆ ಸುಮಾರು ಮೂವರು. ಎರಡೂವರೆಗಿಂತ ಕಡಿಮೆ ಇರಲಾರದು, ನಾಲ್ಕರ ಮೇಲೆ ಹೋಗಲಾರದು" ಎಂದೆವು. ಒಬ್ಬ ಅಧಿಕಾರಿ, "ಏನ್ರೀ ಇದು, ಸುಮಾರು, ಇರಲಾರದು, ಹೋಗಲಾರದು! ಸರಿಯಾಗಿ ಒಂದು ಸಂಖ್ಯೆ ಹೇಳಿ" ಎಂದ. ಮೇಡಂ, "ಸರಿಯಾದ ಸಂಖ್ಯೆ ಅಂತ ಒಂದನ್ನ ಹೇಳಿದ್ರೆ ಅದೇ ಸುಳ್ಳು ಸರ್. ಇದು ನಿಜ" ಎಂದರು. ನನಗೆ ಎದ್ದು ಶಿಳ್ಳೆ ಹೊಡೆಯಬೇಕು ಅನ್ನಿಸಿತು. ಕೊನೆಗೆ ಒಪ್ಪಿದರು. ಇನ್ನು ನಗರದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಮೊದಲ ದಿನವೇ ಚುಚ್ಚುಮದ್ದು. ತಾಯಿಯನ್ನು ಯಾರೂ ಏನೂ ಕೇಳುವುದಿಲ್ಲ. ಆದರೆ ಶುರುವಾಗುವುದು ಆಗಸ್ಟಿನಿಂದ.

ನಿಮ್ಮ ಬೆಂಚಿನವರಿಗೆಲ್ಲ ಹೆರಿಗೆ ಜೂನಿನೊಳಗೇ ಅಲ್ಲವಾ? ನಿನಗೆ ಇಲ್ಲವೆಂದು ತಿಳಿದಾಗ ಕುಣಿದೆ. ಕುಣಿದಾದ ಮೇಲೆ ಬೇರೊಂದು ಚಿಂತೆ ಹತ್ತಿತು. ಅದು ಇನ್ನೂ ಹೋಗಿಲ್ಲ. ನಿನ್ನನ್ನು ಒಂದು ಮಾತು ಕೇಳಬೇಕೆಂದು ನಾಲಿಗೆಯ ತುದಿಗೆ ಬರುತ್ತದೆ. ಕೇಳಬಾರದು, ಕೇಳುವುದಿಲ್ಲ. ಬೆಂಚಿನವರಿಗೆಲ್ಲ ನನ್ನ ನಮಸ್ಕಾರ ಹೇಳು. ಲಕೋಟೆ ಇಸಿದುಕೊಳ್ಳಲು ಯಾರೂ ಮರೆಯದಿರಲಿ ಎಂದಷ್ಟೇ ಹೇಳು.

ನಿನ್ನ ಅಕ್ಕ

*

ಜೂನ್ ೨೯

ದೊಡ್ಡಮ್ಮನವರಿಗೆ,

ಹೆಣ್ಣುಮಗು! ನಿನ್ನೆ ಬೆಳಿಗ್ಗೆ. ಇವರು ಇಷ್ಟು ಹೊತ್ತಿಗೆ ನಿನ್ನ ಲ್ಯಾಬಿನ ಮುಂದೆ ಕೂಗಿ ಹೇಳಿರುತ್ತಾರೆ, ಬಸ್ಸಿನವರು ಮತ್ತೆ ಚಪ್ಪಾಳೆ ತಟ್ಟಿರುತ್ತಾರೆ. ಕಣ್ಣು ಬಿಟ್ಟು ನನ್ನನ್ನು ನೋಡುವ ರೀತಿ ಥೇಟ್ ನಿನ್ನದೇ: "ಇವಳು ಇನ್ನೆಷ್ಟು ಮಾತಾಡುತ್ತಾಳೆ?" ಎನ್ನುವ ಹಾಗೆ. ಅತ್ತೆ ಮಗುವನ್ನು ಕೈಯಿಂದ ಕೆಳಗಿಳಿಸುತ್ತಿಲ್ಲ. ನನಗೆ ಬಿಸಿ ಗಂಜಿ ಬಂದಿದೆ, ಕಿಟಕಿಯಲ್ಲಿ ಬಿಸಿಲು ಬಂದಿದೆ, ಇನ್ನೇನು ಬೇಕು? ತುಂಬ ಖುಷಿಯಾಗಿದ್ದೇನೆ ಅಕ್ಕಾ.

ಬೆಂಚಿನವರದ್ದೆಲ್ಲ ನನಗಿಂತ ಮೊದಲೇ ಆಯಿತು. ಎಲ್ಲರೂ ಗುಂಡಗಿದ್ದಾರೆ, ತಾಯಂದಿರೂ ಮಕ್ಕಳೂ.

ಈಗ ನಿನ್ನ ನಾಲಿಗೆಯ ತುದಿಗೆ ಬಂದಿದ್ದ ಮಾತಿಗೆ ಬರುತ್ತೇನೆ. ನೀನು ಎರಡು ಸಾಲು ಬರೆದಾಗ ನನಗೆ ಬರೀ ಸಿಟ್ಟು ಬಂದಿತ್ತು. ಆಮೇಲೆ "ಹೆದರಿಕೆಯಾಗುತ್ತಿದೆ" ಎಂದು ಬರೆದೆ. ಅಮ್ಮ ಆಸ್ಪತ್ರೆಯಲ್ಲಿದ್ದಾಗಲೂ ಆ ಮಾತಾಡದವಳು ನೀನು. ನಾನೇ ಬರೆದಿದ್ದ ಹಳದಿ ಟೇಪು ನೆನಪಾಯಿತು, ನಿನಗೆ ಏನು ಕಂಡಿರಬಹುದೆಂದು ಹೊಳೆಯಿತು. ನನ್ನ ಲಕೋಟೆ ತೆರೆದಾಗ ಏನೂ ಇಲ್ಲ. ಟೇಪು ಎಲ್ಲರಿಗೂ ಹಳದಿಯೇ ಎಂದು ಟೈಲರ್ ಹೇಳಿದ ಕೂಡಲೇ ಉಳಿದದ್ದೂ ಅರ್ಥವಾಯಿತು. ಅಕ್ಕ ಸುಮ್ಮಸುಮ್ಮನೆ ಹೆದರುವವಳಲ್ಲ. ನನಗಲ್ಲದಿದ್ದರೆ ಇನ್ಯಾರಿಗೋ.

ಬೆಂಚಿನವರಲ್ಲಿ ಒಬ್ಬಳು ಲಕೋಟೆ ಇಸಿದುಕೊಳ್ಳಲು ಬರಲೇ ಇಲ್ಲ. ಆಸ್ಪತ್ರೆಗೂ ಬರುವುದು ಬಿಟ್ಟಳು. ನಾನು ಅವಳ ಮನೆ ಹುಡುಕಿಕೊಂಡು ಹೋದೆ. ರೋಗದ ಮಾತೇ ಎತ್ತಲಿಲ್ಲ. ಹಾಳುಹರಟೆ ಹೊಡೆದು ಬಂದೆ. ಮತ್ತೆ ಹೋದೆ, ಮತ್ತೆ ಹರಟೆ. ಒಂದು ದಿನ ಅವಳೇ, "ನಂಗೆ ಭಯ ಕಣೇ, ಅದ್ರಲ್ಲಿ ಏನಿದ್ಯೋ" ಎಂದಳು. "ಏನಿದ್ರೂ ನಾನು ಪಕ್ಕದಲ್ಲಿ ಇರ್ತೀನಿ, ನಡಿ" ಎಂದೆ. ಕೈ ಹಿಡಿದುಕೊಂಡು ಇಬ್ಬರೂ ಹೋದೆವು. ಆ ಕುಂಟು ಬೆಂಚಿನ ಮೇಲೆ ಕೂತು ಅವಳು ಲಕೋಟೆ ಒಡೆದಳು. ಬಹಳ ಅತ್ತಳು. ನಾನೂ ಅತ್ತೆ. ಆಮೇಲೆ ಇಬ್ಬರೂ ಒಳಗೆ ಹೋಗಿ ಡಾಕ್ಟರಮ್ಮನಿಗೆ ತೋರಿಸಿದೆವು.

ಅವಳ ಮಗುವಿಗೆ ಹುಟ್ಟಿದ ದಿನವೇ ಎರಡೂ ತೊಡೆಗೆ ಚುಚ್ಚುಮದ್ದು ಹಾಕಿದರು. ಅದು ಅತ್ತ ಅಳು ಕೇಳಬೇಕಿತ್ತು ನೀನು, ಇಡೀ ಆಸ್ಪತ್ರೆ ಹಾರಿಹೋಗಬೇಕು! ನಮ್ಮಿಬ್ಬರಿಗೆ ಮಾತ್ರ ಆ ಅಳು ಕೇಳಿ ನಗು ತಡೆಯಲಾಗಲಿಲ್ಲ. ತಾಯಿಯೂ ಗಟ್ಟಿಯಾಗಿದ್ದಾಳೆ, ಡಾಕ್ಟರಮ್ಮ ನೋಡಿಕೊಳ್ಳುತ್ತಿದ್ದಾರೆ.

ಯಾರು ಎಂದು ಕೇಳಬೇಡ. ಟೈಲರಾ, ಟೀಚರಾ, ಬೇಕರಿಯವಳಾ, ಕೆಂಪಿಯಾ ಎಂದು ನಿನ್ನ ಅಂದಾಜನ್ನೂ ಹಾಕಬೇಡ. ಇವರಿಗೆ ಹೇಳಿಲ್ಲ, ಅತ್ತೆಗೆ ಹೇಳಿಲ್ಲ, ನಿನಗೂ ಹೇಳುವುದಿಲ್ಲ.

ಬೇಗ ಬಾ, ಮಗುವನ್ನು ಎತ್ತಿಕೊಳ್ಳುವೆಯಂತೆ. ಬರುವಾಗ ಮೆತ್ತಗಿನ ಬಟ್ಟೆ ತಾ. ಆಮೇಲೆ, ಅಮ್ಮನ ಆ ಹಳೇ ಮಾತನ್ನು ಇನ್ನು ಮೇಲೆ ನನಗೆ ಅನ್ನಬೇಡ. ಮಾರ್ಚಿನಿಂದ ಇವತ್ತಿನವರೆಗೂ ನನ್ನ ಬಾಯಲ್ಲಿ ಎಳ್ಳು ನೆನೆದಿದೆ ಅಕ್ಕಾ.

ನಿನ್ನ ತಂಗಿ
(ರೇಡಿಯೋ ಈ ಒಂದು ಸುದ್ದಿಗೆ ಬಂದ್)